ಬಚ್ಚಪ್ಪನವರ ಪೌಷ್ಟಿಕ ತಂಬಿಟ್ಟು

ವಡೆಯಂತೆ ವಡೆ! ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದರೂ ತಮ್ಮ ಅಡುಗೆಮನೆ ಮಾತ್ರ ಇನ್ನೂ ಅಲಸಂದೆ ವಡೆಯ ದಾಸ್ಯದಲ್ಲೇ ನರಳುತ್ತಿದೆಯಲ್ಲ ಎಂದು ಬಚ್ಚಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು.

ಬಚ್ಚಪ್ಪನವರು ಬಂಗಾರಪೇಟೆಯ ಹುಣಸೆಹಣ್ಣಿನ ಮಂಡಿಯಲ್ಲಿ ಗುಮಾಸ್ತರು. ಅದು ಹೊಟ್ಟೆಪಾಡು. ಅವರ ನಿಜವಾದ ಪದವಿ ಊರಿನ ತರುಣರ ಸಂಘದ ಅಧ್ಯಕ್ಷಗಿರಿ (ವಯಸ್ಸು ನಲವತ್ತೆಂಟು, ಬೇರೆ ಯಾವ ತರುಣನೂ ಮುಂದೆ ಬರಲಿಲ್ಲ). ಪಕ್ಕದ ಚಿನ್ನದ ಗಣಿಯ ಕೋರಮಂಡಲ್ ಮೈದಾನದಲ್ಲಿ ನಡೆದ ಬಾಲಕರ ಫುಟ್ಬಾಲ್ ಪಂದ್ಯಾವಳಿಯಲ್ಲಿ ಸಂಘದ ಹುಡುಗರು ಮೊದಲ ಆಟ ಗೆದ್ದುಬಿಟ್ಟರು. ಗೆದ್ದದ್ದೇ ತಪ್ಪಾಯಿತು. ಹನ್ನೊಂದು ಹುಡುಗರು ಹನ್ನೊಂದು ಬಣ್ಣದ ಬನಿಯನ್ನು ತೊಟ್ಟಿದ್ದರು. ಒಂದೇ ಬಣ್ಣದ ಅಂಗಿ ಇಲ್ಲದಿದ್ದರೆ ಸೆಮಿಫೈನಲ್ಲಿಗೆ ಇಳಿಸುವುದೇ ಇಲ್ಲವೆಂದು ಪಂದ್ಯಾವಳಿಯವರು ಖಡಾಖಂಡಿತವಾಗಿ ಹೇಳಿದರು. ಆಮೇಲೆ ಕನಿಕರಪಟ್ಟು, ಬರುವ ಭಾನುವಾರ ಮೈದಾನದ ಅಂಚಿನಲ್ಲಿ ತಿಂಡಿ ಮಾರಿ ಅಂಗಿಯ ದುಡ್ಡು ಹುಟ್ಟಿಸಿಕೊಳ್ಳಿ ಎಂದು ಒಂದು ಜಾಗ ಕೊಟ್ಟರು.

ಯಾವ ತಿಂಡಿ ಎನ್ನುವಲ್ಲಿಗೆ ಮನೆಯಲ್ಲಿ ಕುರುಕ್ಷೇತ್ರ ಶುರುವಾಯಿತು.

"ವಡೆ ಆಕ್ಕೊಡ್ತೀನಿ. ಆಟ ನೋಡೋರ್ಗೆ ಬಿಸಿಬಿಸಿ ಇರ್ಬೇಕು, ಖಾರ ಇರ್ಬೇಕು," ಎಂದರು ಹೆಂಡತಿ ಅನಸೂಯಮ್ಮ.

"ಎಣ್ಣೆ ಕಣೇ ಅದು, ಎಣ್ಣೆ! ಎಣ್ಣೆ ಉಯ್ಯೋಕೆ ಮಕ್ಕಳ ಒಟ್ಟೆ ಏನ್ ಗಾಡಿ ಚಕ್ರಾನಾ? ಪೌಷ್ಟಿಕತೆ ಬೇಕು, ಪೌಷ್ಟಿಕತೆ!" (ಈ ಪದವನ್ನು ಅವರು ಹಿಂದಿನ ದಿನವಷ್ಟೇ ಆಸ್ಪತ್ರೆಯ ಗೋಡೆಯ ಮೇಲೆ ಓದಿದ್ದರು.) "ತಂಬಿಟ್ಟು ಮಾಡು. ಅಕ್ಕಿ ಇಟ್ಟು, ಬೆಲ್ಲ, ತುಪ್ಪ, ಏಲಕ್ಕಿ. ಶಕ್ತಿ ಅಂದ್ರೆ ಅದು!"

"ತಂಬಿಟ್ಟಾ? ತಂಬಿಟ್ಟು ಯಾರಾನಾ ಮಾರ್ತಾರೇನ್ರೀ?"

"ಯಾರೂ ಮಾರಲ್ಲ, ಅದಕ್ಕೇ ನಾವ್ ಮಾರ್ಬೇಕು! ಯಾಪಾರದ ಗುಟ್ಟು ನಿಂಗೇನ್ ಗೊತ್ತು? ಇಪ್ಪತ್ ವರ್ಷದಿಂದ ಮಂಡೀಲಿ ಕುಂತಿರೋನು ನಾನು!"

"ಕುಂತಿರೋದೇನೋ ದಿಟ," ಎಂದು ಅನಸೂಯಮ್ಮ ಅಕ್ಕಿ ನೆನೆಹಾಕಲು ಎದ್ದರು.

ಶನಿವಾರ ತಂಬಿಟ್ಟು ತಯಾರಾಯಿತು. ಅನಸೂಯಮ್ಮ ಹುಟ್ಟಿದಾಗಿನಿಂದ ತಂಬಿಟ್ಟು ಮಾಡಿದ್ದು ದೇವಿಗೆ ದೀಪ ಹಚ್ಚುವುದಕ್ಕೆ ಮಾತ್ರ. ಹಾಗಾಗಿ ಉಂಡೆ ಕಟ್ಟಿದ ಕೂಡಲೇ ಅವರ ಹೆಬ್ಬೆಟ್ಟು ತಾನಾಗಿಯೇ ನಡುವೆ ಒತ್ತಿ, ಬತ್ತಿಗೆ ಜಾಗ ಮಾಡಿಬಿಡುತ್ತಿತ್ತು.

"ಇದೇನೇ ಎಲ್ಲಾದಕ್ಕೂ ಗುಂಡಿ?"

"ಕೈ ಅಂಗೇ ಓಗುತ್ತೆ, ಏನ್ ಮಾಡ್ಲಿ?"

ಗುಂಡಿಯಷ್ಟು ಹಿಟ್ಟು ಉಳಿಯಿತೆಂದು ಬಚ್ಚಪ್ಪನವರು ಲೆಕ್ಕ ಹಾಕಿದರು.

ಭಾನುವಾರ ದೊಡ್ಡ ಹಿತ್ತಾಳೆ ತಟ್ಟೆಯಲ್ಲಿ ತಂಬಿಟ್ಟು ಜೋಡಿಸಿದ್ದಾಯಿತು. ಆಷಾಢದ ನೊಣಗಳು ಕೂರದಿರಲೆಂದು ಬಚ್ಚಪ್ಪನವರು ಅದರ ಮೇಲೆ ಬೇವಿನ ಸೊಪ್ಪು ಮುಚ್ಚಿದರು (ಇದೂ ಆರೋಗ್ಯಶಾಸ್ತ್ರವೇ). ಗಣಿಯ ನಿಲ್ದಾಣದಲ್ಲಿ ರೈಲಿಳಿದ ಮೇಲೆ ಜನ ಮೈಮೇಲೆ ಬೀಳುತ್ತಾರೆಂದು ತಟ್ಟೆಯನ್ನು ತಲೆಯ ಮೇಲೆ ಹೊತ್ತು ನಡೆದರು. ಹಿಂದೆ, ತಿಂದವರಿಗೆ ಕುಡಿಯಲು ನೀರು ಬೇಕೆಂದು ತುಂಬಿದ ಬಿಂದಿಗೆ ಹಿಡಿದು ಅನಸೂಯಮ್ಮ. ದಾರಿಯಲ್ಲಿ ಜನ ಬದಿಗೆ ಸರಿದು ಕೈಮುಗಿದರು. ಅಧ್ಯಕ್ಷರೆಂದರೆ ಇಷ್ಟು ಮರ್ಯಾದೆಯೇ ಎಂದು ಬಚ್ಚಪ್ಪನವರ ಎದೆ ಉಬ್ಬಿತು.

ಮೈದಾನದಲ್ಲಿ ಮೊದಲು ಬಂದವಳು ಗಣಿ ಕೂಲಿಗಳ ಮನೆಸಾಲಿನ, ಅಂದರೆ ಲೈನಿನ, ಮುದುಕಿ ಪಾಪಕ್ಕ. ಮೂರು ಮಾರು ದೂರದಲ್ಲೇ ಚಪ್ಪಲಿ ಬಿಟ್ಟು, ಕೆನ್ನೆ ಬಡಿದುಕೊಂಡು ಕೇಳಿದಳು: "ಸಾಮಿ, ಮಾವಿಳಕ್ಕಾ?"

ಬಚ್ಚಪ್ಪನವರ ತಮಿಳು ಎರಡೇ ಕಾಲಿನ ಮೇಲೆ ನಿಂತಿತ್ತು. 'ಆಮಾ' ಎಂದರೆ ಹೌದು, 'ಮಾವು' ಎಂದರೆ ಹಿಟ್ಟು. "ಆಮಾ, ಆಮಾ! ಮಾವು! ಶುದ್ಧ ಅಕ್ಕಿ ಮಾವು!" ಎಂದು ಗರ್ಜಿಸಿದರು. ಮಾವಿಳಕ್ಕು ಎಂದರೆ ಮಾರಿಯಮ್ಮನಿಗೆ ಹಚ್ಚುವ ಹಿಟ್ಟಿನ ದೀಪ, ಅಂದು ತಮಿಳರ ಆಡಿ ಮಾಸದ ಭಾನುವಾರ, ಅಮ್ಮನ ದಿನ ಎಂದೆಲ್ಲ ಆ ಪುಣ್ಯಾತ್ಮನಿಗೆ ಯಾರು ಹೇಳಬೇಕು?

ಪಾಪಕ್ಕ ಒಂದು ತಂಬಿಟ್ಟನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ತಟ್ಟೆಗೊಂದು ಕಾಸು ಹಾಕಿದಳು. ಸುದ್ದಿ ಹರಡಿತು. "ಎರಡಾಣೆಗೆ ಒಂದು! ಪೌಷ್ಟಿಕ!" ಎಂದು ಬಚ್ಚಪ್ಪನವರು ಗಂಟಲು ಹರಿದುಕೊಂಡರೂ ಪ್ರಸಾದದ ದರ ಕೇಳುವವರು ಯಾರು? ಕೆಲವರು ಕಾಸು ಹಾಕಿದರು, ಕೆಲವರು ಅರಿಶಿನ ಕುಂಕುಮ ಹಾಕಿದರು. ಒಬ್ಬ ಕರ್ಪೂರ ಹಚ್ಚಿ, ತೆಂಗಿನಕಾಯಿಯನ್ನು ಗೋಲುಕಂಬದ ಬುಡಕ್ಕೇ ಒಡೆದ. ಚೆಂಡು ಆ ಕಡೆ ಉರುಳಿದರೆ ಆಟಗಾರರು ಬೂಟು ಬಿಚ್ಚಿ ಬಂದು ತೆಗೆದುಕೊಂಡು ಹೋಗತೊಡಗಿದರು.

ಅಷ್ಟರಲ್ಲಿ ತಟ್ಟೆಯ ತುಂಬ ಕಾಸು. "ನೋಡ್ದೇನೇ ಯಾಪಾರ?" ಎಂದು ಬಚ್ಚಪ್ಪನವರು ತಿರುಗಿದರೆ, ಎಲ್ಲ ಅರ್ಥವಾಗಿದ್ದ ಅನಸೂಯಮ್ಮ ತಲೆಯ ಮೇಲೆ ಸೆರಗು ಹೊದ್ದು ಕೈಮುಗಿದು ನಿಂತಿದ್ದರು.

ಆಗ ತಮಟೆಯ ಸದ್ದು ಕೇಳಿತು. ಲೈನಿನ ಮಾರಿಯಮ್ಮನ ಗುಡಿಯ ಧರ್ಮಕರ್ತ ಪೆರುಮಾಳ್ ಬಂದವನೇ ಭಕ್ತಿಯಿಂದ ತಟ್ಟೆ ಎತ್ತಿಕೊಂಡ.

"ಏಯ್, ಇಡ್ರೀ ಕೆಳಗೆ! ಅದು ನಮ್ಮ ಉಡುಗ್ರ ಅಂಗಿ ದುಡ್ಡು! ಇದು ಪ್ರಸಾದ ಅಲ್ರೀ, ಪೌಷ್ಟಿಕತೆ!"

"ನಾನ್ ಕೇಳಿದ್ಕೆ ಸಾಮೀನೇ ಆಮಾ ಅಂದ್ರಲ್ಲಪ್ಪಾ," ಎಂದಳು ಪಾಪಕ್ಕ, ಅಳುವ ದನಿಯಲ್ಲಿ.

"ಅಮ್ಮನ ಕಾಸು ಅಮ್ಮಂಗೇ ಸಾಮಿ," ಎಂದ ಪೆರುಮಾಳ್ ಸಮಾಧಾನವಾಗಿ. "ಅಂಗಿಗ್ಯಾಕೆ ಯೋಚ್ನೆ? ಗುಡೀಲಿ ಅಳದಿ ಬಟ್ಟೆ ಅದೆ. ಎಲ್ಲಾ ಉಡುಗ್ರಿಗೂ ಒಲ್ಸಿ ಕೊಡ್ತೀವಿ. ಅಮ್ಮನ ಮಕ್ಳು ಆಡ್ಲಿ!"

ಆಟ ನೋಡಲು ಬಂದಿದ್ದ ಸಂಘದ ಹುಡುಗರು ಹೋ ಎಂದು ಕುಣಿದರು. ಬಚ್ಚಪ್ಪನವರಿಗೂ ನಿಜಕ್ಕೂ ಕಣ್ಣು ತುಂಬಿ ಬಂತು. ಸೆಮಿಫೈನಲ್ಲು ಉಳಿಯಿತು, ಮಾನವೂ ಉಳಿಯಿತು.

"ಅನ್ನೆರಡ್ನೇ ಬಟ್ಟೆ ನಿಮ್ಗೆ," ಎಂದ ಪೆರುಮಾಳ್.

"ನಂಗ್ಯಾಕಪ್ಪ?"

"ಮಾವಿಳಕ್ಕು ತಲೆಮೇಲೆ ಒತ್ತು ತಂದೋರು ನೀವಲ್ವಾ? ಅದನ್ನ ಉಟ್ಕೊಂಡು ಆಡಿ ತಿಂಗ್ಳ ಕಡೇ ಭಾನುವಾರ ಕೆಂಡ ತುಳೀಬೇಕು. ಜಾಸ್ತಿ ಇಲ್ಲ, ಇಪ್ಪತ್ತೇ ಅಡಿ."

ಇಪ್ಪತ್ತು ವರ್ಷ ಮಂಡಿಯ ಚಾಪೆ ಬಿಟ್ಟು ಬೇರೇನನ್ನೂ ತುಳಿಯದ ತಮ್ಮ ಅಂಗಾಲುಗಳನ್ನು ನೆನೆದು ಬಚ್ಚಪ್ಪನವರು ಹೆಂಡತಿಯ ಕಡೆ ತಿರುಗಿದರು. "ಅನಸೂಯಾ, ನೀನಾರಾ ಏಳೇ ಇವ್ರಿಗೆ," ಎಂದು ಕ್ಷೀಣವಾಗಿ ತೊದಲಿದರು.

ಅನಸೂಯಮ್ಮ ಕುಣಿಯುತ್ತಿದ್ದ ಹುಡುಗರನ್ನು ನೋಡಿದರು. ಗಂಡನ ಮುಖ ನೋಡಿದರು. ಆಮೇಲೆ ಪೆರುಮಾಳನ ಕಡೆ ತಿರುಗಿದರು.

"ನೀವು ಕೆಂಡ ರೆಡಿ ಮಾಡ್ರಣ್ಣ. ಇವ್ರನ್ನ ನಾನ್ ಕರ್ಕಂಡ್ ಬತ್ತೀನಿ."