ಡೈನೋಸಾರ್ ಮನೆಯ ಹೊಸ್ತಿಲು

ಎಂದೋ ಸತ್ತು ಮಣ್ಣಾದ ಪ್ರಾಣಿಗೆ ಸಿಮೆಂಟಿನ ಮನೆ ಕಟ್ಟಿ, ಕಂಪೌಂಡು ಹಾಕಿ, ಬಾಗಿಲಿಗೆ ಹೊಸ್ತಿಲು ಕೂಡಿಸಿದ ಮನುಷ್ಯ ಪುಣೆಯಲ್ಲಿ ಒಬ್ಬನೇ ಇದ್ದಾನೆ. ಅವನು ನನ್ನ ಅಣ್ಣನೇ ಆಗಬೇಕೆ!

ಮೊದಲ ತಪ್ಪು ಶಾಲೆಯದು. ಡೈನೋಸಾರ್ ಇರುವ ಜಾಗದ ಮಾದರಿ ಮಾಡಿಕೊಂಡು ಬಾ ಎಂದು ನನ್ನ ಮಗಳಿಗೆ ಪ್ರಾಜೆಕ್ಟ್ ಕೊಟ್ಟರು. ಮಗುವಿಗೆ ಕೊಟ್ಟರೆಂಬುದು ಬರೀ ಮಾತು. ಮಾಡುವವರು ಯಾರು? ಅವ್ವಂದಿರು! ನಾನು ಓದಿದ್ದೇ ಎರಡು ಮೂರು ಇಯತ್ತೆ. ಯೆರವಡಾದ ಮನೆಮನೆಗಳಲ್ಲಿ ಅಡುಗೆ ಮುಗಿಸಿ ಬಂದವಳು, ಡೈನೋಸಾರ್ ಎಲ್ಲಿ ಮಲಗುತ್ತಿತ್ತು ಎಂದು ಯಾರನ್ನು ಕೇಳಲಿ? ನಾನೇನು ಅದರ ನೆರೆಮನೆಯವಳೇ?

ಆ ಭಾನುವಾರ ಹಿಂಜವಾಡಿಯ ಸೈಟಿನಿಂದ ಊಟಕ್ಕೆ ಬಂದಿದ್ದ ಅಣ್ಣ ಇದನ್ನು ಕೇಳಿ ಮೀಸೆ ತಿರುವಿದ. ಅವನು ಗೌಂಡಿ. ಪುಣೆಯ ಅರ್ಧ ಊರನ್ನು ತಾನೇ ಕಟ್ಟಿದ್ದೆಂದು ಹೇಳುವವನು. ಉಳಿದರ್ಧ ಸೋರುತ್ತದೆಂದೂ ಹೇಳುವವನು!

"ಮನಿ ಕಟ್ಟೂದು ನನಗ ಬಿಡ. ಎಷ್ಟ ಮಂದಿ ಇರಾವ್ರು?" ಎಂದು ಮಗಳನ್ನು ಕೇಳಿದ.

"ಮಾಮಾ, ಮಂದಿ ಅಲ್ಲ. ಎರಡು ಡೈನೋಸಾರ್."

"ಗಂಡ-ಹೆಂಡ್ತಿ. ನಾಳೆ ಮಕ್ಕಳಾಗ್ತಾವ. ಒಂದ ಖೋಲಿ ಸಾಲೂದಿಲ್ಲ."

"ಮನಿ ಬ್ಯಾಡ ಮಾಮಾ! ಗುಡ್ಡ, ಕೆರಿ, ಗಿಡ ಮಾಡಬೇಕ."

"ಮಳಿ ಬಂದ್ರ ಗುಡ್ಡದ ಮ್ಯಾಲ ತೋಯ್ಸಿಕೊಂತ ಕುಂಡ್ರತಾವೇನ?"

ಸಂಜೆಯೊಳಗೆ ಎಲ್ಲಿಂದಲೋ ಉಸುಕು, ಸಿಮೆಂಟು ಬಂದವು. ಥರ್ಮಾಕೋಲು ಸಾಕು ಎಂದೆ. "ಥರ್ಮಾಕೋಲ್ ಟಿವಿ ಡಬ್ಬಿಯಾಗ ತುಂಬತಾರ, ಮನಿ ಕಟ್ಟೂದಿಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದ. ಹಲಗೆಯ ಮೇಲೆ ಗುಡ್ಡ ಎದ್ದಿತು. ಗುಡ್ಡದ ಹೊಟ್ಟೆಯಲ್ಲಿ ಎರಡು ಖೋಲಿ, ಮುಂದೆ ಕೆರೆ. ಸುತ್ತ ಕಂಪೌಂಡು; ಯಾಕೆಂದು ಕೇಳಿದರೆ, "ಬಾಜೂದಾವ ಜಾಗಾ ಒತ್ತಿಕೊಂಡ್ರ?" ಬಾಗಿಲಿಗೆ ಹೊಸ್ತಿಲನ್ನೂ ಕೂಡಿಸತೊಡಗಿದಾಗ ನನಗೆ ತಡೆಯಲಾಗಲಿಲ್ಲ.

"ಯಣ್ಣಾ, ಡೈನೋಸಾರ್ ಮುಂಜಾನೆ ಎದ್ದು ಹೊಸ್ತಿಲ ತೊಳದು ರಂಗೋಲಿ ಹಾಕತದೇನ?"

ಅಣ್ಣ ಕರಣಿ ಕೆಳಗಿಟ್ಟ. ಬೆರಳಿನಿಂದ ಹೊಸ್ತಿಲನ್ನು ನುಣುಪು ಮಾಡುತ್ತ ಕುಳಿತ.

ಕಟ್ಟಿದ್ದಾಯಿತು, ಪೀಡೆ ತೀರಿತೇ? ಹಸಿ ಸಿಮೆಂಟಿಗೆ ನೀರುಣಿಸದಿದ್ದರೆ ಬಿರಿಯುತ್ತದಂತೆ! ನಾನು ಯಾರದೋ ಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದರೆ ಫೋನು: "ನೀರ ಹೊಡದ್ಯಾ?" ನಮ್ಮ ಓಣಿಯ ನಳಕ್ಕೆ ನೀರು ಬರುವುದೇ ದೇವರು ವರ ಕೊಟ್ಟ ಹಾಗೆ. ಮಗಳು ಬರೀ ಮುಖ ತೊಳೆದು ಶಾಲೆಗೆ ಹೋಗುತ್ತಿದ್ದಳು; ಡೈನೋಸಾರ್ ಮನೆಗೆ ಎರಡು ಹೊತ್ತು ಅಭಿಷೇಕ!

ಒಯ್ಯುವ ದಿನ ನೆರೆಯವಳ ನೆರವಿನಿಂದ ಅದನ್ನು ರಿಕ್ಷಾಕ್ಕೆ ಏರಿಸಿದೆ. ದೇವರನ್ನು ಎಲ್ಲಿ ಕೂಡಿಸುತ್ತೀರಿ ತಾಯಿ ಎಂದು ರಿಕ್ಷಾದವನು ಭಕ್ತಿಯಿಂದ ಮರಾಠಿಯಲ್ಲಿ ಕೇಳಿದ. ಶಾಲೆಯ ಗೇಟಿನಲ್ಲಿ ನೋಡಿದರೆ, ಉಳಿದ ಮಕ್ಕಳು ಥರ್ಮಾಕೋಲಿನ ಹಸಿರು ಕಾಡುಗಳನ್ನು ಅಂಗೈಯಲ್ಲಿ ಹೊತ್ತು ನಡೆದಿದ್ದಾರೆ! ನಮ್ಮದನ್ನು ನೋಡಿ ಒಬ್ಬ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಇನ್ನು ನನ್ನ ತಪ್ಪು. ನಾನು ಎದುರಿನ ಅಂಗಡಿಗೆ ಓಡಿ ಸಿದ್ಧಪಡಿಸಿದ ಕಾಡೊಂದನ್ನು ಕೊಂಡು ಮಗಳ ಕೈಗಿಟ್ಟೆ. ಅಣ್ಣ ಕಟ್ಟಿದ್ದನ್ನು ಗೇಟಿನ ವಾಚ್‌ಮನ್ ಬಳಿ, ಗಿಡದ ಕೆಳಗೆ ಬಿಟ್ಟೆ.

"ಅವ್ವಾ, ಮಾಮಾಗ ಏನ ಹೇಳೂದು?"

"ಎಲ್ಲಾರಿಗೂ ಭಾಳ ಸೇರಿತಂತ ಹೇಳು."

ಮಗು ಹೇಳಿತು, ಶಾಲೆಯಲ್ಲಿ ಎಲ್ಲರ ಮಾದರಿಗಳ ಪ್ರದರ್ಶನವಿದೆಯೆಂದೂ ಹೇಳಿತು. ಫೋನಿನ ಆಚೆ ಅಣ್ಣ ಇಡೀ ಸೈಟಿಗೆ ಕೇಳುವಂತೆ ಹಿಗ್ಗಿನಿಂದ ಕೂಗಿದ. ಆಮೇಲೆ, "ಪ್ರದರ್ಶನಕ್ಕ ನಾನೂ ಬರ್ತೀನಿ" ಎಂದ. ಬೇಡವೆನ್ನಲು ನನಗೆ ಬಾಯಿ ಎಲ್ಲಿತ್ತು?

ಮದುವೆಗೆ ಹೊಲಿಸಿದ ಅಂಗಿ ತೊಟ್ಟು ಬಂದ. ಶಾಲೆಯ ಹಾಲ್‌ನ ಒಂದೊಂದು ಮೇಜನ್ನೂ ದಾಟಿ ಕೊನೆಗೆ ನನ್ನ ಮಗಳ ಮುಂದೆ ನಿಂತ. ಥರ್ಮಾಕೋಲಿನ ಕಾಡನ್ನು ನೋಡಿದ, ತಲೆ ತಗ್ಗಿಸಿದ ಮಗುವನ್ನು ನೋಡಿದ, ನನ್ನನ್ನು ನೋಡಿದ.

"ಚಂದ ಅದ" ಎಂದು ಅವಳ ತಲೆ ಸವರಿದ.

ಇದೆಂಥ ಅನ್ಯಾಯ! ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ತಯಾರಾಗಿಯೇ ಹೋಗಿದ್ದೆ.

ಹೊರಗೆ ಬಂದರೆ, ಗಿಡದ ಕೆಳಗೆ ವಾಚ್‌ಮನ್ ಕುರ್ಚಿಯಲ್ಲಿ ಕುಳಿತು ಅಣ್ಣನ ಗುಡ್ಡದ ಮೇಲೆ ಎರಡೂ ಕಾಲು ಚಾಚಿದ್ದ. ನಮ್ಮನ್ನು ಕಂಡು ಕಾಲು ತೆಗೆದ. ಅಣ್ಣ ಕುಕ್ಕರುಗಾಲಲ್ಲಿ ಕುಳಿತು ಗೋಡೆಯ ಬಿರುಕಿನ ಮೇಲೆ ಬೆರಳಾಡಿಸಿದ.

"ಇಲ್ಲಿಟ್ಟ ಮ್ಯಾಲ ನೀರ ಹೊಡದಿಲ್ಲ ನೀ" ಎಂದ. ಅಷ್ಟೇ.

ವಾಚ್‌ಮನ್‌ನ ಬಾಟಲಿ ಕೇಳಿ ಪಡೆದು ನೀರು ಸುರಿದ. ಅಂಗೈಯಿಂದ ಹೊಸ್ತಿಲಿನ ಧೂಳು ತೊಳೆದ. ಆಗ ನನಗೆ ನೆನಪಾಯಿತು. ನಾವಿಬ್ಬರೂ ಸೈಟಿನಿಂದ ಸೈಟಿಗೆ, ತಗಡಿನ ಶೆಡ್ಡುಗಳಲ್ಲಿ ಬೆಳೆದವರು. ಒಂದು ದೀಪಾವಳಿಯಂದು ರಂಗೋಲಿ ಬಟ್ಟಲು ಹಿಡಿದುಕೊಂಡು, ಶೆಡ್ಡಿಗೆ ಹೊಸ್ತಿಲೇ ಇಲ್ಲವೆಂದು ನಾನು ರಂಪ ಮಾಡಿದ್ದೆ. "ಅಳಬ್ಯಾಡ. ದೊಡ್ಡಾವ ಆದ ಮ್ಯಾಲ ನಾ ಕಟ್ಟಿ ಕೊಡ್ತೀನಿ" ಎಂದಿದ್ದ ಅಣ್ಣ.

ಅಂದೇ ಅದನ್ನು ಮನೆಗೆ ತಂದೆವು. ನಮ್ಮ ಬಾಡಿಗೆಯ ಖೋಲಿಗೆ ಇಂದಿಗೂ ಹೊಸ್ತಿಲಿಲ್ಲ. ಡೈನೋಸಾರ್ ಮನೆ ಬಾಗಿಲ ಪಕ್ಕದಲ್ಲಿದೆ. ಸಿಮೆಂಟು ಗಟ್ಟಿಯಾಗಿ ಎಷ್ಟೋ ದಿನವಾಯಿತು, ಆದರೂ ಫೋನು ಬರುತ್ತದೆ.

"ನೀರ ಹೊಡದ್ಯಾ?"

"ಹೊಡದೀನಿ ಯಣ್ಣಾ. ರಂಗೋಲಿನೂ ಹಾಕೀನಿ."