ಸುಲೋಚನಾ, ಫ್ಯಾನ್ ಹಾಕು

ಮೇ ತಿಂಗಳ ಒಂದು ಸೋಮವಾರ ಬೆಳಗ್ಗೆ ಹತ್ತೂವರೆಗೆ ಕರೆಂಟು ಒಮ್ಮೆ ಹೋಗಿ ಬಂತು. ಪಕ್ಕದ ಮನೆಯವರ ಫ್ಯಾನು ತಾನಾಗಿ ತಿರುಗತೊಡಗಿತು. ಪಟ್ಟಾಭಿರಾಮ ಆಚಾರ್ಯರ ಮನೆಯದ್ದು ಮಾತ್ರ ಅಪ್ಪಣೆಗೆ ಕಾದು ನಿಂತಿತು.

ತಪ್ಪು ಮಗಳು ಅಪೂರ್ವಾಳದ್ದು. ಸೂರತ್ತಿನಲ್ಲಿ ಕೆಲಸದಲ್ಲಿರುವ ಅವಳು ಕಳೆದ ತಿಂಗಳು ಗೋರ್ವಾ ಬಡಾವಣೆಯ ಈ ಫ್ಲ್ಯಾಟಿಗೆ ಬಂದವಳೇ ಹಳೆಯ ಸ್ವಿಚ್ಚುಗಳನ್ನೆಲ್ಲ ಕೀಳಿಸಿ, ಮಾತು ಕೇಳುವ ಡಬ್ಬಿಯೊಂದನ್ನು ತಂದಿಟ್ಟಿದ್ದಳು. ಹೆಸರು ಹಿಡಿದು ಕರೆದು ಹಿಂದಿಯಲ್ಲಿ ಹೇಳಿದರೆ ಫ್ಯಾನು, ದೀಪ, ಟಿವಿ ಎಲ್ಲ ಅದೇ ಹಾಕುತ್ತಿತ್ತು. ಹೆಸರು ನಮ್ಮಿಷ್ಟದ್ದು ಇಡಬಹುದಂತೆ. ಅಪೂರ್ವಾ ಅಮ್ಮನ ಹೆಸರನ್ನೇ ಇಟ್ಟಳು. "ಅಪ್ಪ ಕೂತಲ್ಲಿಂದ ಹೇಳಿದ್ದನ್ನೆಲ್ಲ ಮಾಡುದು ಹೇಗೂ ಅಮ್ಮನೇ ಅಲ್ವಾ?" ಎಂದು ನಕ್ಕಳು. ಅಮ್ಮ ನಗಲಿಲ್ಲ.

ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ದಿನವಿಡೀ ಅಡುಗೆಮನೆಯತ್ತ ಕೂಗುವ ಗಂಟಲು ಪಟ್ಟಾಭಿರಾಮರದ್ದು. ಆದರೆ ಮೂವತ್ತೆರಡು ವರ್ಷದ ದಾಂಪತ್ಯದಲ್ಲಿ ಹೆಂಡತಿಯನ್ನು ಒಮ್ಮೆಯೂ ಹೆಸರಿನಿಂದ ಕರೆದವರಲ್ಲ. "ಹೋಯ್", "ಇಲ್ಲಿ ಕೇಳಿತಾ" ಇಷ್ಟರಲ್ಲೇ ಸಂಸಾರ ಸಾಗಿತ್ತು.

ಈವತ್ತು ಹೋಟೆಲಿಗೆ ವಾರದ ರಜೆ. ಸುಲೋಚನಾ, "ಊಟ ಮುಚ್ಚಿಟ್ಟಿದ್ದೇನೆ" ಎಂದಷ್ಟೇ ಹೇಳಿ, ಅಹಮದಾಬಾದಿನ ಚಾಂದ್‌ಖೇಡಾದಲ್ಲಿರುವ ಅಕ್ಕ ವಿಮಲಾಳ ಮನೆಗೆ ಹೊರಟುಹೋಗಿದ್ದಳು.

ಬೆವರು ಬನಿಯನ್ನಿನಿಂದ ಪಂಚೆಗೆ ಇಳಿದಾಗ ಪಟ್ಟಾಭಿರಾಮರು ಎದ್ದು ಬಾಗಿಲು ಹಾಕಿದರು. ದೇವರಕೋಣೆಯಲ್ಲಿ ಬೀಡಿ ಹಚ್ಚುವವರ ಹಾಗೆ ಅತ್ತಿತ್ತ ನೋಡಿ, "ಸುಲೋಚನಾ..." ಎಂದು ಪಿಸುಗುಟ್ಟಿದರು. ಡಬ್ಬಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ತುಸು ಜೋರಾಗಿ.

"ಹಾಂ ಜೀ?" ಎಂದಿತು ಡಬ್ಬಿ, ಹೆಣ್ಣಿನ ದನಿಯಲ್ಲಿ. ಪಟ್ಟಾಭಿರಾಮರಿಗೆ ನಾಚಿಕೆಯಿಂದ ಮುಂದಿನ ಮಾತೇ ಮರೆತುಹೋಯಿತು.

ಮೂರನೆಯ ಸಲ ಅವರ ಕುಂದಾಪುರದ ಹಿಂದಿ ಕೇಳಿ ಡಬ್ಬಿ ಗೀಜರು ಹಾಕಿತು. ನಾಲ್ಕನೆಯ ಸಲ ಭಜನೆ ಹಚ್ಚಿತು, ಕಿಟಕಿಯ ಗಾಜು ಅದುರುವಷ್ಟು ಜೋರಾಗಿ. ಭಜನೆಯನ್ನು ಮೀರಿಸಿ ಪಟ್ಟಾಭಿರಾಮರು ಅರಚಿದರು: "ಸುಲೋಚನಾ! ಸಾಕು! ನನ್ನಿಂದ ಆಗುದಿಲ್ಲ! ಸುಲೋಚನಾ!"

ಹೊರಗೆ ನಿಂತವರಿಗೆ ಕೇಳಿಸಿದ್ದು ಇಷ್ಟೇ: ಭಜನೆ, ಮತ್ತು ಹೆಂಡತಿಯ ಹೆಸರು ಹಿಡಿದು ಗೋಳಾಡುವ ಗಂಡಸು. ಎದುರು ಮನೆಯ ಇಂದುಮತಿಬೆನ್ ತಲೆಯ ಮೇಲೆ ಸೆರಗು ಹೊದ್ದುಕೊಂಡೇ ಬಂದರು. ಮೇಲಿನ ಮಹಡಿಯ ಧಾರವಾಡದ ಶ್ರೀನಿವಾಸ ಬಾಗಿಲು ಬಡಿದ. "ಸರ, ಬಾಗಿಲಾ ತಗೀರಿ! ಸುಲೋಚನಾ ವೈನಿಗೆ ಏನಾಗೇದ್ರಿ?"

ಬಾಗಿಲು ತೆರೆಯಿತು. ಪಟ್ಟಾಭಿರಾಮರ ಮುಖದ ತುಂಬ ನೀರು.

"ರಡೋ ನಹೀಂ, ಭಾಯಿ," ಅಳಬೇಡಿ ಎಂದು ಇಂದುಮತಿಬೆನ್ ಬೆನ್ನು ಸವರಿದರು.

"ಅಳ್ತಾ ಇಲ್ಲ ಮಾರಾಯ್ರೆ, ಬೆವರು!" ಎಂದರೂ ಯಾರೂ ನಂಬಲಿಲ್ಲ. ಶ್ರೀನಿವಾಸ ಗೋಡೆಯ ಪ್ಲಗ್ಗು ಕಿತ್ತು ಭಜನೆ ನಿಲ್ಲಿಸಿದ. ಯಾರೋ ಮಜ್ಜಿಗೆ ತಂದರು. ಯಾರೋ ಮಗಳ ನಂಬರು ಕೇಳಿದರು. ಎಲ್ಲರಿಗೂ ಡಬ್ಬಿಯ ಕತೆ ಹೇಳಿ, ಪ್ಲಗ್ಗು ಮತ್ತೆ ಸಿಕ್ಕಿಸಿ, ಅವರನ್ನು ಸಾಗಹಾಕುವಷ್ಟರಲ್ಲಿ ಸೂಟ್‌ಕೇಸ್ ಹಿಡಿದು ಸುಲೋಚನಾ ಬಾಗಿಲಲ್ಲಿ ನಿಂತಿದ್ದಳು.

"ನಾನು ವಾಪಸ್ ಬರ್ಲಿಕ್ಕೆ ಹೋದವಳಲ್ಲ," ಎಂದಳು. "ಕಪಾಟು ನೋಡಿಲ್ವಾ? ನನ್ನ ಸೀರೆ ಒಂದೂ ಇಲ್ಲ. ಇನ್ನು ಅಲ್ಲೇ ಇರ್ತೇನೆ ಅಂತ ಅಕ್ಕನಿಗೆ ಹೇಳಿ ಆಗಿತ್ತು. ಸ್ಟೇಷನ್ನಿನಲ್ಲಿ ಇರುವಾಗ ಇಂದುಬೆನ್ ಫೋನು ಬಂತು. ಬಾಗಿಲಿಗೆ ಹಿಡಿದು ಕೇಳಿಸಿದ್ರು. ನೀವು ನನ್ನ ಹೆಸರು ಕೂಗ್ತಾ ಇದ್ರಿ." ಅವಳು ಸೂಟ್‌ಕೇಸನ್ನು ಕೈ ಬದಲಿಸಿ ಹಿಡಿದಳು. "ರೈಲು ಬಂತು. ನಾನು ಹತ್ತಲಿಲ್ಲ."

ಪಟ್ಟಾಭಿರಾಮರು ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಹೆಂಡತಿಯ ಹತ್ತಿರ ಯೋಚಿಸಿ ಮಾತಾಡಿದ ರೂಢಿ ಅವರಿಗಿರಲಿಲ್ಲ.

"ಅಯ್ಯೋ, ನಿನ್ನನ್ನಲ್ಲ! ಫ್ಯಾನು ಹಾಕ್ಲಿಕ್ಕೆ ಕೂಗಿದ್ದು. ಬಂದದ್ದು ಒಳ್ಳೇದಾಯ್ತು. ನಿನ್ನ ಮಾತು ಅದಕ್ಕೆ ತಿಳೀತದೆ, ಒಂದ್ಸಲ ಹೇಳು."

ಸುಲೋಚನಾ ಅವರ ಮುಖವನ್ನೇ ನೋಡಿದಳು. ಆಮೇಲೆ ಡಬ್ಬಿಯತ್ತ ತಿರುಗಿ, ಸ್ವಚ್ಛ ಹಿಂದಿಯಲ್ಲಿ ಒಂದೇ ಸಲ ಹೇಳಿದಳು. ಫ್ಯಾನು ತಿರುಗಿತು. ಕೆಳಗಿಡದ ಸೂಟ್‌ಕೇಸ್ ಹಿಡಿದುಕೊಂಡೇ ಅವಳು ಮೆಟ್ಟಿಲಿಳಿದಳು.

ತಂಗಾಳಿ ಮೈಗೆ ತಾಗಿ, ತಾನೇನು ಹೇಳಿದೆನೆಂದು ಪಟ್ಟಾಭಿರಾಮರಿಗೆ ಹೊಳೆಯುವಷ್ಟರಲ್ಲಿ ಅವಳು ಆಟೋ ಹತ್ತುತ್ತಿದ್ದಳು. ಅವರು ಬಾಲ್ಕನಿಗೆ ಓಡಿದರು. ನಾಚಿಕೆ ಬಿಟ್ಟು, ಇಡೀ ಸೊಸೈಟಿಗೆ ಕೇಳಿಸುವ ಹಾಗೆ, ಈ ಸಲ ನಿಜವಾಗಿ ಅವಳನ್ನೇ ಕರೆದರು.

"ಸುಲೋಚನಾ!"

ಆಟೋದವ ತಲೆಯೆತ್ತಿ ನೋಡಿ, "ನಿಮ್ಮನ್ನು ಕರೆಯುತ್ತಿದ್ದಾರೆ, ಬೆನ್," ಎಂದ.

"ನನ್ನನ್ನಲ್ಲ," ಎಂದಳು ಅವಳು. "ಫ್ಯಾನು ಮತ್ತೆ ನಿಂತಿರಬೇಕು. ನೀವು ನಡೀರಿ."