ಆಕಳಿಕೆಯ ನಕ್ಷೆ

ಎಲ್ಲದಕ್ಕೂ ಮೂಲ, ಶಿಕ್ಷಕರ ತರಬೇತಿಯಲ್ಲಿ ಕೊಟ್ಟ ಒಂದು ಹಾಳೆ. ‘ಪುಸ್ತಕದ ಅಂಕಿಗಳನ್ನು ಬಿಡಿ. ಮಕ್ಕಳು ತಮ್ಮ ಸುತ್ತಮುತ್ತ ಕಂಡದ್ದನ್ನು ತಾವೇ ಎಣಿಸಿ ತರಲಿ, ಗಣಿತ ತಾನಾಗಿ ರುಚಿಸುತ್ತದೆ’ ಎಂದು ಅದರಲ್ಲಿತ್ತು. ಗಣಿತದ ಮೇಷ್ಟ್ರು ನಂಬಿಬಿಟ್ಟರು. ಪಾಪ, ಅಚ್ಚಾಗಿ ಬಂದದ್ದನ್ನೆಲ್ಲ ನಂಬುವ ಜೀವ ಅದು.

ನಂಬದೆ ಬೇರೆ ದಾರಿಯೂ ಇರಲಿಲ್ಲ. ಹನ್ನೊಂದು ವರ್ಷದಿಂದ ಅವರ ಪಾಲಿಗೆ ಎಂಟನೇ ತರಗತಿಯೇ ಗಟ್ಟಿಯಾಗಿತ್ತು. ಹತ್ತನೆಯವರಿಗೆ ಪಾಠ ಮಾಡಬೇಕೆಂಬುದು ಅವರ ಬಹುದಿನದ ಆಸೆ. ಇವತ್ತು ಮೂರು ಗಂಟೆಗೆ ಇಲಾಖೆಯ ಸಾಹೇಬರು ಅವರ ಪಾಠ ನೋಡಲು ಬರುವವರಿದ್ದರು. “ಸಾಹೇಬ್ರು ಮೆಚ್ಚಿದ್ರೆ ಮುಂದಿನ ವರ್ಷ ಹತ್ತನೇ ಕ್ಲಾಸು ನಿಮ್ದೇ” ಎಂದು ಹೆಡ್‌ಮಾಸ್ಟರು ಮಾತು ಕೊಟ್ಟಿದ್ದರು. ಮೇಷ್ಟ್ರು ಅದನ್ನು ಹೆಂಡತಿಗೆ ಹೇಳಿದ್ದರು. ಅಂದರೆ ಇಡೀ ಬೀದಿಗೆ ಗೊತ್ತಾಗಿತ್ತು.

ಬೆಳಗ್ಗೆ, ಮೇಷ್ಟ್ರು ಎಣಿಸಿ ತರಲು ಹೇಳಿದ್ದ ಎಂಟನೇ ತರಗತಿಯ ಲೀಡರ್ ಹುಡುಗಿ ತನ್ನಷ್ಟೇ ಎತ್ತರದ ಕಾಗದದ ಸುರುಳಿ ಹೊತ್ತು ಸ್ಟಾಫ್‌ರೂಮಿಗೆ ಬಂದಳು. ಏನು ಕೇಳಿದರೂ ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಿದ್ದಳಾದ್ದರಿಂದ ಎಲ್ಲರೂ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು.

“ಏನು ಎಣಿಸಿದ್ಯಮ್ಮ? ಮರಾನಾ, ಸೈಕಲ್ಲಾ?”

“ಆಕಳಿಕೆ ಸರ್. ಹೋದ ವಾರ ಪೂರ್ತಿ, ಯಾವ ಪಾಠದಲ್ಲಿ ಎಷ್ಟು ಅಂತ. ಹಿಂದಿನ ಬೆಂಚಲ್ಲಿ ಕೂತು ನಾನೇ ಎಣಿಸ್ದೆ.”

ಸುರುಳಿ ಬಿಚ್ಚಿದರೆ ಅಂದವಾದ ಸ್ತಂಭನಕ್ಷೆ. ಭಾಷೆ ಅರವತ್ತೆರಡು, ಇತಿಹಾಸ ಎಂಬತ್ತೊಂದು. ಮೈದಾನದಲ್ಲಿ ಓಡುತ್ತಿದ್ದರೂ ಡ್ರಿಲ್‌ಗೆ ಹನ್ನೆರಡು. ಹೆಡ್‌ಮಾಸ್ಟರ ನೀತಿಪಾಠ ವಾರಕ್ಕೆ ಒಂದೇ ಪೀರಿಯಡ್ಡಾದರೂ ತೊಂಬತ್ತಾರು. ಆ ಕಂಬ ಹಿಡಿಸಲೆಂದೇ ಮೇಲೊಂದು ತುಂಡು ಕಾಗದ ಅಂಟಿಸಿದ್ದಳು. ಗಣಿತ ಎಂದು ಬರೆದ ಜಾಗದ ಮೇಲೆ ಮಾತ್ರ ಬರೀ ಬಿಳಿ ಹಾಳೆ.

ಇದನ್ನು ಈಗಲೇ ಹರಿದು ಹಾಕು ಎಂದು ಬುದ್ಧಿ ಹೇಳಿತು. ಆದರೆ ಆ ಬಿಳಿ ಜಾಗ ನೋಡಿ ಮೇಷ್ಟ್ರ ಮನಸ್ಸು ಹಿಗ್ಗಿ ಹೀರೇಕಾಯಿಯಾಗಿತ್ತು. ವಾರಕ್ಕೆ ಒಂದೂ ಆಕಳಿಕೆ ಇಲ್ಲ! ಹೋಗಿ ತರಗತಿಯ ಗೋಡೆಗೆ ತೂಗುಹಾಕಿಯೇ ಬಿಟ್ಟರು.

ಸುದ್ದಿ ಹಬ್ಬಲು ಹತ್ತು ನಿಮಿಷ ಸಾಕಾಯಿತು. ಮೊದಲು ಬಂದವರು ಭಾಷೆಯ ಮೇಡಂ. “ನಂದು ಊಟ ಆದ್ಮೇಲಿನ ಪೀರಿಯಡ್ಡು ಕಣ್ರೀ. ಅದು ಊಟದ ಆಕಳಿಕೆ, ನಂದಲ್ಲ. ಅರ್ಧ ಕಳೀರಿ!”

“ಒಬ್ಬ ಆಕಳಿಸಿದ್ರೆ ಪಕ್ಕದವನಿಗೂ ಬರುತ್ತೆ” ಎಂದರು ಇತಿಹಾಸದವರು. “ಮೊದಲನೇದು ಮಾತ್ರ ಲೆಕ್ಕಕ್ಕೆ ಹಿಡೀಬೇಕು.”

“ಅಂಕಿ ಅಂಕಿಯೇ ಸ್ವಾಮಿ, ನಾನೇನು ಮಾಡ್ಲಿ?” ಎಂದರು ಮೇಷ್ಟ್ರು, ಬಹಳ ವಿನಯದಿಂದ.

ಆಮೇಲೆ ಹೆಡ್‌ಮಾಸ್ಟರು ಬಂದರು. ತಮ್ಮ ಕಂಬವನ್ನು ಬುಡದಿಂದ ತುದಿಯವರೆಗೆ ನೋಡಿ, ಮೆಲ್ಲಗೆ ಬಾಗಿಲು ಮುಂದೆ ಮಾಡಿ, “ಮೇಲಿಂದ ಸ್ವಲ್ಪ ಮಡಚಿಬಿಡಿ” ಎಂದರು. ಮೇಷ್ಟ್ರು ಹಾಳೆಯನ್ನು ಹಿಂದಕ್ಕೆ ಮಡಚಿದರು. ಅವರಿಗೊಂದು ನ್ಯಾಯ ನಮಗೊಂದು ನ್ಯಾಯವೇ ಎಂದು ಇತಿಹಾಸದವರು ಎಗರಿದರು. ಇನ್ನಷ್ಟು ಮಡಚಿದರು. ಡ್ರಿಲ್ ಮಾಸ್ಟರಿಗಿಂತ ತಾನೇನು ಹೆಚ್ಚು ಪಾಪ ಮಾಡಿದ್ದು ಎಂದು ಮೇಡಂ ಕಣ್ಣು ಒರೆಸಿಕೊಂಡರು. ಮತ್ತೆ ಮಡಚಿದರು. ಮೂರು ಗಂಟೆಯ ಹೊತ್ತಿಗೆ ಎಲ್ಲ ಕಂಬಗಳೂ ಕಾಂಪೌಂಡ್ ಗೋಡೆಯಂತೆ ಒಂದೇ ಮಟ್ಟಕ್ಕೆ ಬಂದಿದ್ದವು. ಎಷ್ಟು ಮಡಚಿದರೂ ಗಣಿತದ ಜಾಗ ಮಾತ್ರ ಬಿಳಿಯಾಗಿಯೇ ಉಳಿದಿತ್ತು.

ಸಾಹೇಬರು ಬಂದರು. ಉಳಿದ ಶಿಕ್ಷಕರು ಬಾಗಿಲಲ್ಲಿ ನಿಂತರು. ಪಾಠ ಶುರುವಾಗಿ ಐದು ನಿಮಿಷವಾಗಿರಲಿಲ್ಲ, “ಎಲ್ಲಾ ಒಂದೇ ಎತ್ತರ ಇದ್ಯಲ್ರೀ?” ಎಂದು ಸಾಹೇಬರು ಎದ್ದುಬಂದು ಮಡಿಕೆ ಬಿಡಿಸಿದರು. ಕಂಬಗಳು ಸರಸರನೆ ಮೇಲೇರಿದವು. ಹೆಡ್‌ಮಾಸ್ಟರು ಕಿಟಕಿಯ ಕಡೆ ತಿರುಗಿದರು. ಸಾಹೇಬರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಭಲೇ! ಗಣಿತದ್ದು ಎಷ್ಟು?”

“ಸೊನ್ನೆ ಸರ್” ಎಂದರು ಮೇಷ್ಟ್ರು, ನೆಲ ನೋಡುತ್ತ. ಹತ್ತನೇ ತರಗತಿ ಆಗಲೇ ಜೇಬಿಗೆ ಬಿದ್ದಂತಿತ್ತು.

ಕಡ್ಡಿ ಎದ್ದು ನಿಂತಳು. “ಸೊನ್ನೆ ಅಲ್ಲ ಸರ್, ಖಾಲಿ. ಗಣಿತದ್ದು ನಾನು ಎಣಿಸೇ ಇಲ್ಲ.”

“ಯಾಕಮ್ಮ?”

“ಆ ಪೀರಿಯಡ್ಡಲ್ಲಿ ನಂಗೆ ನಿದ್ದೆ ಬಂದ್ಬಿಡುತ್ತೆ ಸರ್. ಬೆಲ್ ಹೊಡೆದ ಮೇಲೇ ಎಚ್ಚರ.”

“ಪಕ್ಕದವಳಿಗೆ ಹೇಳಬಹುದಿತ್ತಲ್ಲ?”

“ಅವಳು ನನಗಿಂತ ಮುಂಚೆ ಮಲಗಿರ್ತಾಳೆ ಸರ್.”

ಬಾಗಿಲಲ್ಲಿ ಭಾಷೆಯ ಮೇಡಂಗೆ ಎಂದೂ ಇಲ್ಲದ ಕೆಮ್ಮು ಬಂತು. ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೆ ಸಾಹೇಬರು ಅವರ ಬೆನ್ನು ತಟ್ಟಿದರು.

“ಸೊನ್ನೆಗೂ ಖಾಲಿಗೂ ಇರೋ ವ್ಯತ್ಯಾಸಾನ ಇಷ್ಟು ಚೆನ್ನಾಗಿ ತೋರಿಸಿದವರನ್ನ ನಾನು ಕಂಡಿಲ್ಲ. ನಂಗೆ ಬಹಳ ಮೆಚ್ಚುಗೆಯಾಯ್ತು. ಹೆಡ್‌ಮಾಸ್ಟ್ರೇ, ಬುನಾದಿ ಹಾಕೋಕೆ ಇಂಥವರೇ ಬೇಕು. ಇವರನ್ನ ಎಂಟನೇ ಕ್ಲಾಸಿಂದ ಮಾತ್ರ ಕದಲಿಸಬೇಡಿ.”

ಸಾಹೇಬರ ಜೀಪು ಗೇಟು ದಾಟಿದ ಮೇಲೆ ಹೆಡ್‌ಮಾಸ್ಟರು ಮೇಷ್ಟ್ರ ಹೆಗಲ ಮೇಲೆ ಕೈ ಹಾಕಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

“ಇನ್ನು ಮೇಲೆ ಊಟ ಆದ್ಮೇಲಿನ ಪೀರಿಯಡ್ಡು ನೀವು ತಗೊಳ್ಳಿ, ಮೇಡಂಗೆ ಬೆಳಗ್ಗೆದು ಕೊಡ್ತೀನಿ. ನಿಮ್ಮ ಕ್ಲಾಸಲ್ಲಿ ಆಕಳಿಸೋಕೆ ಹೇಗೂ ಯಾರೂ ಎಚ್ಚರ ಇರಲ್ಲವಲ್ಲ.”